ಕುಕ್ಕರ್ ಕೂಗಿಸದೆ ಬೀಫ್ ಮೆತ್ತಗಾದ ಕಥೆ

"ಏಳು ಕೂಗು ಕೂಗಿಸದೆ ಈ ಬಾಡು ಬೇಯ್ತದಾ? ಸುಮ್ನೆ ಹಲ್ಲು ಮುರ್ಕತೀಯ ಮಗಾ" ಎಂದು ಅವ್ವ ಹೇಳಿ ಎರಡು ವರ್ಷದ ಮೇಲಾಯಿತು. ಹೋದ ತಿಂಗಳು ಅದೇ ಅವ್ವ ಮದ್ದೂರಿನಿಂದ ನಮ್ಮ ಬಾಣಸವಾಡಿ ಮನೆಗೆ ಬಂದಿದ್ದಳು. ಬಾಣಲೆಯಲ್ಲಿ ಎರಡೇ ನಿಮಿಷ ಬಾಡಿಸಿದ ಚೂರುಗಳನ್ನು ಮೂರು ಸಲ ಹಾಕಿಸಿಕೊಂಡು ತಿಂದಳು. ಅವಳಿಗೆ ಈಗ ಹಲ್ಲು ಎಷ್ಟು ಉಳಿದಿವೆ ಎಂದು ನಾನು ಇಲ್ಲಿ ಹೇಳುವುದಿಲ್ಲ. ಆದರೆ ಅವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ಬೆಂಗಳೂರಿನಲ್ಲಿ ಈಗ ಬೀಫ್ ಅಂದರೆ ಎಮ್ಮೆ ಅಥವಾ ಕೋಣ. 2021ರಲ್ಲಿ ಹೊಸ ಕಾಯ್ದೆ ಜಾರಿಯಾದ ಮೇಲೆ ಹಸು, ಎತ್ತು ಯಾವುದೂ ಇಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಅಂದರೆ ಹಾಲು ಕೊಟ್ಟು ಮುಗಿಸಿದ, ಇಲ್ಲವೇ ಗಾಡಿ ಎಳೆದು ಸೋತ ಪ್ರಾಣಿ. ಕೊಬ್ಬು ಕಡಿಮೆ, ನಾರು ದಪ್ಪ. ನಾನು ಮನೆಯಲ್ಲಿ ಮಾಡಲು ಹೊರಟದ್ದು ಕೊರಿಯಾದ ಬುಲ್ಗೋಗಿ, ತೆಳ್ಳಗೆ ಕೊಯ್ದು ಮಸಾಲೆ ಹಚ್ಚಿ ಹುರಿದ ಬೀಫ್. ಅಲ್ಲಿ ಅದನ್ನು ಮಾಡುವವರ ಕೈಗೆ ಸಿಗುವುದು ಕೊಬ್ಬಿನ ಗೆರೆ ಹರಡಿದ ಎಳೆ ಮಾಂಸ. ಅವರು ಅರ್ಧ ಗಂಟೆ ಮಸಾಲೆಯಲ್ಲಿಟ್ಟು ಕಾವಲಿ ಮೇಲೆ ಹಾಕಿ ತೆಗೆದರೆ ಆಯಿತು. ಶಿವಾಜಿನಗರದಿಂದ ತಂದ ಬೋನ್‌ಲೆಸ್‌ಗೂ ನಾನು ಅದೇ ಲೆಕ್ಕ ಹಾಕಿದೆ. ಚಪ್ಪಲಿ. ಬೇರೆ ಪದ ಇಲ್ಲ.

ಆಮೇಲೆ ಪರಂಗಿಕಾಯಿ. ಎಲ್ಲರೂ ಹೇಳುವುದು ಅದನ್ನೇ, ಅಲ್ವಾ? ಒಂದು ಕೆ.ಜಿ.ಗೆ ನಾಲ್ಕು ಚಮಚ ಅರೆದು ಹಾಕಿ ರಾತ್ರಿಯೆಲ್ಲ ಇಟ್ಟೆ. ಬೆಳಗ್ಗೆ ಹೊರಗೆ ಗಂಜಿ, ಒಳಗೆ ರಬ್ಬರ್. ಬಾಣಲೆಗೆ ಬಿದ್ದದ್ದೇ ತಡ, ಹೊರಗಿನದೆಲ್ಲ ಕಳಚಿ ತಳ ಹಿಡಿಯಿತು. ಅನಾನಸ್ ಇನ್ನೂ ಮೋಸ. ಎರಡು ಗಂಟೆ ಬಿಟ್ಟು ನೋಡಿದರೆ ಕೀಮಾಗಿಂತ ಕಡೆ. ಕಿವಿ ಹಣ್ಣಿನಲ್ಲಿ ಸುಮಾರಾಗಿ ಬಂತು. ಆದರೆ ಮೂರು ಹಣ್ಣಿಗೆ ನೂರು ಚಿಲ್ಲರೆ ಕೊಟ್ಟಿದ್ದೆ. ಮಾಂಸಕ್ಕೂ ದುಡ್ಡು, ಹಣ್ಣಿಗೂ ದುಡ್ಡು, ಎಷ್ಟು ದಿನ ನಡೆಯುತ್ತದೆ?

ಅಂಡರ್‌ಕಟ್ ಎನ್ನುವ, ಬೆನ್ನೆಲುಬಿನ ಕೆಳಗಿನ ಮೆತ್ತನೆ ತುಂಡು ತಂದರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳಿದರು. ಹೋಗುತ್ತದೆ, ಒಪ್ಪುತ್ತೇನೆ. ಆದರೆ ಬೆಳಗ್ಗೆ ಏಳಕ್ಕೆ ಹೋದರೂ ಹೋಟೆಲಿನವರು ಅದನ್ನು ಎತ್ತಿಕೊಂಡು ಹೋಗಿರುತ್ತಾರೆ. ಸಿಕ್ಕಿದರೂ ಕೆ.ಜಿ.ಗೆ ನೂರು ರೂಪಾಯಿ ಜಾಸ್ತಿ. ಅವ್ವನ ಮಾತು ಕೇಳಿ ಒಮ್ಮೆ ಕುಕ್ಕರಿನಲ್ಲಿ ಬೇಯಿಸಿ, ಆಮೇಲೆ ಮಸಾಲೆ ಹಚ್ಚಿ ಹುರಿದೆ. ತಿನ್ನಲು ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಆದರೆ ಅದು ನಮ್ಮೂರ ಬೀಫ್ ಫ್ರೈಗೆ ಸೋಯಾ ಸಾಸ್ ಸುರಿದ ಹಾಗಿತ್ತು. ಹೀಗೆ ಒಂದು ವರ್ಷದಲ್ಲಿ ನಾನು ಕೆಡಿಸಿದ ಮಾಂಸವೇ ಹನ್ನೆರಡು ಹದಿಮೂರು ಕೆ.ಜಿ. ಇರಬಹುದು. ಐದು ಸಾವಿರ ನೀರಿಗೆ ಹೋಯಿತು. ನೀರಿಗಲ್ಲ, ಪೂರ್ತಿ ಹೇಳಬೇಕೆಂದರೆ ನಮ್ಮ ಬೀದಿಯ ನಾಯಿಗಳಿಗೆ. ಅವು ಈಗಲೂ ನನ್ನ ಸ್ಕೂಟರ್ ಸದ್ದು ಕೇಳಿದರೆ ಎದ್ದು ಬರುತ್ತವೆ.

ದಾರಿ ತೋರಿಸಿದ್ದು ಕೊರಿಯಾ ಅಲ್ಲ, ಚೀನಾದ ಸಿಚುವಾನ್. ಅಲ್ಲಿ ಜಿಗಾಂಗ್ ಎಂಬ ಉಪ್ಪಿನ ಬಾವಿಗಳ ಊರಿದೆ. ಬಾವಿಯಿಂದ ಉಪ್ಪುನೀರು ಎತ್ತಲು ಎತ್ತು, ಕೋಣಗಳನ್ನು ಕಟ್ಟುತ್ತಿದ್ದರು, ನಮ್ಮಲ್ಲಿ ಗಾಣಕ್ಕೆ ಕಟ್ಟಿದ ಹಾಗೆ. ದುಡಿದು ಸೋತ ಆ ಪ್ರಾಣಿಗಳ ಮಾಂಸವೇ ಅಲ್ಲಿನ ಕೂಲಿಯವರ ಊಟ. ಶುಯ್‌ಜು ಎನ್ನುವ, ಖಾರದ ಸಾರಿನಲ್ಲಿ ತೇಲುವ ಬೀಫ್ ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ಇದು ಗೊತ್ತಾದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ಮಾಂಸವೂ ನಮ್ಮದೂ ಒಂದೇ ಜಾತಿ! ರುಚಿ ಕೊರಿಯಾದ್ದೇ ಇರಲಿ, ಮಾಂಸ ಪಳಗಿಸುವ ಕೆಲಸ ಮಾತ್ರ ಸಿಚುವಾನಿನವರ ಹಾಗೆ ಮಾಡೋಣ ಅಂದುಕೊಂಡೆ.

ಮೊದಲು ಬದಲಾಯಿಸಿದ್ದು ಮಾಂಸ ತಂದ ಮೇಲಿನ ಎರಡು ದಿನ. ಬೆಳಗಿನ ಜಾವ ಕಡಿದದ್ದನ್ನು ಮಧ್ಯಾಹ್ನವೇ ಬೇಯಿಸುವುದು ನಮ್ಮ ಅಭ್ಯಾಸ. ಆಗ ಮಾಂಸ ಬಿಗಿದುಕೊಂಡಿರುತ್ತದೆ. ಈಗ ಒಂದೇ ಗಟ್ಟಿ ತುಂಡು ತಂದು, ಒರೆಸಿ, ತೂತಿನ ತಟ್ಟೆ ಮೇಲಿಟ್ಟು ಫ್ರಿಜ್‌ನ ಕೆಳಗಿನ ಅರೆಯಲ್ಲಿ 48 ಗಂಟೆ ಬಿಡುತ್ತೇನೆ. ಅಂಗಡಿಯ ಭಾಯ್‌ಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. "ಏನ್ ಸಾರ್, ಫ್ರೆಶ್ ಕೊಟ್ರೆ ನೀವು ಹಳೇದು ಮಾಡ್ಕೊಂಡು ತಿಂತೀರಾ!" ಈಗ ಅವರೇ ತೊಡೆಯ ಕಡೆಯ ನೇರ ನಾರಿನ ತುಂಡು ಎತ್ತಿಟ್ಟಿರುತ್ತಾರೆ. ತೊಳೆದು ಇಡಬೇಡಿ. ಒದ್ದೆ ಇದ್ದರೆ ಎರಡನೇ ದಿನಕ್ಕೆ ಲೋಳೆ ಕಟ್ಟುತ್ತದೆ. ಒಮ್ಮೆ ಹಾಗೆ ಆಗಿ ಒಂದೂವರೆ ಕೆ.ಜಿ. ಎಸೆದಿದ್ದೇನೆ.

ಎರಡನೆಯದು ಕೊಯ್ಯುವುದು. ಇಲ್ಲಿ ನನ್ನ ಕೈ ಕೆಟ್ಟದ್ದು ಅವ್ವನಿಂದಲೇ. ಚಿಕ್ಕವನಿದ್ದಾಗ ಕೊರಬಾಡು ಒಣಹಾಕಲು ಅವಳ ಜೊತೆ ಕೂತು ಕೊಯ್ದವನು ನಾನು. ಅದಕ್ಕೆ ನಾರಿನ ಉದ್ದಕ್ಕೇ ಉದ್ದುದ್ದ ಪಟ್ಟಿ ಎಳೆಯಬೇಕು, ಇಲ್ಲದಿದ್ದರೆ ಹಗ್ಗದ ಮೇಲೆ ನಿಲ್ಲದೆ ಹರಿದು ಬೀಳುತ್ತದೆ. ಅದೇ ಕೈ ಇಲ್ಲೂ ಓಡುತ್ತಿತ್ತು. ನಾರಿಗೆ ಅಡ್ಡ ಕೊಯ್ಯಬೇಕು ಎನ್ನುವುದು ನಿಮಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಆದರೆ ತುಂಡಿನ ನಡುವೆ ನಾರು ದಿಕ್ಕು ಬದಲಿಸುತ್ತದೆ. ಅಲ್ಲಿ ತುಂಡನ್ನೇ ಬೇರೆ ಮಾಡಿ ತಿರುಗಿಸಿಕೊಳ್ಳಬೇಕು. ಅದನ್ನು ಕಲಿಯಲು ನಾಲ್ಕು ತಿಂಗಳು ಹಿಡಿಯಿತು. ಕೊಯ್ಯುವ ಮೊದಲು ಫ್ರೀಜರ್‌ನಲ್ಲಿ ಮುಕ್ಕಾಲು ಗಂಟೆ. ಬೆರಳಿಂದ ಒತ್ತಿದರೆ ಸ್ವಲ್ಪ ಮಾತ್ರ ತಗ್ಗಬೇಕು. ಎರಡು ರೂಪಾಯಿ ನಾಣ್ಯ ಎರಡು ಜೋಡಿಸಿದಷ್ಟು ದಪ್ಪ ಸಾಕು. ಚಾಕುವಿಗೆ 1,400 ಕೊಟ್ಟೆ. ಬೇಕಿರಲಿಲ್ಲ. ಸೈಕಲ್ ಮೇಲೆ ಬರುವ ಸಾಣೆಯವನ ಕೈಲಿ ಹಳೆ ಚಾಕುವನ್ನೇ ಹಿಡಿಸಿದರೆ ಸಾಕಿತ್ತು.

ಮೂರನೆಯದಕ್ಕೇ ಎಲ್ಲರೂ ಮೂಗು ಮುರಿದದ್ದು: ಅಡುಗೆ ಸೋಡಾ. "ಸಾಬೂನು ತಿಂದ ಹಾಗಿರುತ್ತೆ" ಅಂದರು. ಜಾಸ್ತಿ ಹಾಕಿದರೆ ಹೌದು, ಹಾಗೇ ಇರುತ್ತದೆ. ಅರ್ಧ ಕೆ.ಜಿ.ಗೆ ಮುಕ್ಕಾಲು ಟೀ ಚಮಚ, ಎರಡು ಚಮಚ ನೀರಿನಲ್ಲಿ ಕಲಸಿ ಹಚ್ಚಿ, ಇಪ್ಪತ್ತು ನಿಮಿಷ. ಆಮೇಲೆ ಮೂರು ನೀರು ಬದಲಿಸಿ ತೊಳೆದು ಗಟ್ಟಿಯಾಗಿ ಹಿಂಡಬೇಕು. ಹಿಂಡಿದ ಮಾಂಸಕ್ಕೆ ಮತ್ತೆ ನೀರು ಕುಡಿಸಬೇಕು. ಸೋಯಾ ಒಂದು ಚಮಚ, ತಣ್ಣೀರು ನಾಲ್ಕೈದು ಚಮಚ, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಒಂದೇ ದಿಕ್ಕಿಗೆ ಕೈಯಾಡಿಸಿದರೆ ನೀರೆಲ್ಲ ಒಳಗೆ ಹೋಗುತ್ತದೆ. ಮೊದಲ ಸಲ ನೋಡಿದಾಗ ನನ್ನ ಹೆಂಡತಿ "ಅಯ್ಯೋ, ಎಲ್ಲಿ ಹೋಯ್ತು ನೀರು?" ಅಂದಳು. ಆಮೇಲೆ ಅರ್ಧ ಮೊಟ್ಟೆಯ ಬಿಳಿ, ಕಾರ್ನ್‌ಫ್ಲೋರ್ ಒಂದು ಚಮಚ, ಕೊನೆಗೆ ಎಣ್ಣೆ. ಕಾರ್ನ್‌ಫ್ಲೋರ್ ಜೊತೆ ಇನ್ನೊಂದು ಪುಡಿ ಒಂದು ಚಿಟಿಕೆ ಹಾಕುತ್ತೇನೆ. ಅದು ನಿಮ್ಮ ಅಡುಗೆಮನೆಯಲ್ಲೂ ಇದೆ. ಹೆಸರು ಕೇಳಬೇಡಿ.

ಮಸಾಲೆಗೆ ಬರೋಣ. ಕೊರಿಯಾದ ಮೆಣಸಿನಪುಡಿ ಅರ್ಧ ಕೆ.ಜಿ. ಪೊಟ್ಟಣ 700ರ ಮೇಲಿತ್ತು. ಬಣ್ಣ ಜಾಸ್ತಿ, ಖಾರ ಕಡಿಮೆ, ಸ್ವಲ್ಪ ಸಿಹಿ. ಇದನ್ನು ಓದುವಾಗ ನಿಮಗೂ ಬ್ಯಾಡಗಿ ನೆನಪಾಯಿತು ತಾನೇ? ಡಬ್ಬಿ ಬ್ಯಾಡಗಿ ತಂದು, ತೊಟ್ಟು ಬೀಜ ತೆಗೆದು, ಒಂದು ಬಿಸಿಲು ತೋರಿಸಿ ಮಿಕ್ಸಿಯಲ್ಲಿ ತರಿತರಿಯಾಗಿ ಒಡೆಯುತ್ತೇನೆ. ನುಣ್ಣಗೆ ಮಾಡಿದರೆ ಸಾರಿನಪುಡಿ ಆಗಿಬಿಡುತ್ತದೆ. ಖಾರಕ್ಕೆ ಗುಂಟೂರು ನಾಲ್ಕು ಸೇರಿಸಿದರೆ ಸಾಕು. ಬೆಳ್ಳುಳ್ಳಿ ಎಂಟು ಹತ್ತು ಎಸಳು, ಶುಂಠಿ, ತುರಿದ ಈರುಳ್ಳಿ ಅರ್ಧ, ಅವರ ಮರಸೇಬಿನ ಬದಲು ಒಂದು ಸಣ್ಣ ಸೇಬು. ಇದರಲ್ಲಿ ಒಂದು ಗಂಟೆ, ಅಷ್ಟೇ. ರಾತ್ರಿಯಿಡೀ ಇಟ್ಟರೆ ಉಪ್ಪಾಗಿ ಬಿಗಿಯುತ್ತದೆ. ಬೆಲ್ಲ ಮೊದಲೇ ಹಾಕಿದರೆ ಕಪ್ಪಗೆ ಕರಕಲು. ಇಳಿಸುವ ಮುಂಚೆ ಹಾಕಿ. ಎಳ್ಳೆಣ್ಣೆಯಲ್ಲೂ ಮೋಸಹೋದೆ. ನಮ್ಮ ಎಳ್ಳೆಣ್ಣೆ ಹಸಿ ಎಳ್ಳಿನದು, ಅವರದು ಹುರಿದ ಎಳ್ಳಿನದು. ನಮ್ಮದನ್ನು ಹಾಕಿದ ದಿನ ಮನೆಯೆಲ್ಲ ಉಪ್ಪಿನಕಾಯಿ ವಾಸನೆ.

ಉರಿಯ ವಿಷಯದಲ್ಲಿ ದುರಾಸೆ ಬೇಡ. ಮನೆಯ ಗ್ಯಾಸ್ ಒಲೆಗೆ ಒಮ್ಮೆಗೆ 150 ಗ್ರಾಂ ಮಾತ್ರ ತಡೆಯುವುದು. ಅರ್ಧ ಕೆ.ಜಿ. ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಕಬ್ಬಿಣದ ಬಾಣಲೆ ಹೊಗೆಯಾಡಬೇಕು. ಹಾಕಿ, ನಲವತ್ತು ಸೆಕೆಂಡ್ ಮುಟ್ಟದೆ ಬಿಟ್ಟು, ಮಗುಚಿ, ಒಟ್ಟು ಎರಡು ನಿಮಿಷ. ತೆಗೆದು ಮುಂದಿನದು. ಘಾಟಿಗೆ ಮೇಲಿನ ಮನೆಯವರು ಕೆಮ್ಮುತ್ತಾರೆ. ಏನು ಅಡುಗೆ ಎಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ.

ಖರ್ಚು: ಅರ್ಧ ಕೆ.ಜಿ. ಮಾಂಸ 200ರ ಆಸುಪಾಸು, ಉಳಿದದ್ದೆಲ್ಲ ಸೇರಿ 70, 80. ನಾಲ್ಕು ಜನ ಅನ್ನದ ಜೊತೆ ತಿನ್ನಬಹುದು. ಹೋಟೆಲಿನಲ್ಲಿ ಒಂದೇ ಪ್ಲೇಟಿಗೆ 800 ತೆತ್ತು ಬಂದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಣಿಪುರದ ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ನನ್ನ ಡಬ್ಬಿಯಿಂದ ತಿಂದು, ಯಾವ ಹೋಟೆಲ್ ಎಂದು ಕೇಳಿದರು. ಈ ಮಾತನ್ನು ನಾನು ಆಫೀಸಿನಲ್ಲಿ ಐದಾರು ಜನರಿಗೆ ಹೇಳಿದ್ದೇನೆ.

ಕೈ ಕೂತ ಮೇಲೆ ಸುಮ್ಮನಿರಲಾಗಲಿಲ್ಲ. ಗೋಚುಜಾಂಗ್, ಅಂದರೆ ಕೊರಿಯಾದವರ ಹುದುಗಿಸಿದ ಮೆಣಸಿನ ಗೊಜ್ಜು, ಮನೆಯಲ್ಲೇ ಮಾಡಲು ಹೋದೆ. ಅವರು ಬಾರ್ಲಿ ಮೊಳಕೆ ಹಾಕುತ್ತಾರೆ, ನಾನು ಮೊಳಕೆ ರಾಗಿಹಿಟ್ಟು ಹಾಕಿದೆ. ಜೂನ್ ಮಳೆಯಲ್ಲಿ ಕರಿ ಬೂಷ್ಟು ಹಿಡಿದು ಜಾಡಿ ಸಮೇತ ಹೋಯಿತು. ಫೆಬ್ರುವರಿಯಲ್ಲಿ ಉಪ್ಪು ಜಾಸ್ತಿ ಮಾಡಿ ಮತ್ತೆ ಹಾಕಿದೆ. ಬಣ್ಣ ಕಂದು, ರುಚಿ ಸ್ವಲ್ಪ ಅಂಬಲಿ, ಆದರೆ ಮಾಂಸಕ್ಕೆ ಒಗ್ಗಿತು. ಕಮ್ಮನಹಳ್ಳಿಯ ಈಶಾನ್ಯದವರ ಅಂಗಡಿಯಿಂದ ನಾಗಾಗಳ ಅಖುನಿ ತಂದೆ, ಹುದುಗಿಸಿದ ಸೋಯಾ ಕಾಳು. ಎಲೆ ಬಿಚ್ಚಿದ ಕೂಡಲೇ ಹೆಂಡತಿ ತವರಿಗೆ ಹೋಗುವ ಮಾತಾಡಿದಳು. ಕಡಲೆ ಗಾತ್ರದಷ್ಟು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ರುಚಿ ಮಾತ್ರ ಎದ್ದು ನಿಲ್ಲುತ್ತದೆ. ಸಿಚುವಾನ್ ಮೆಣಸಿನ ಬದಲು ನಮ್ಮ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಳ್, ಹಾಕಿ ನೋಡಿ. ಎರಡೂ ಒಂದೇ ಕುಲದ ಗಿಡ. ಬೀಜ ತೆಗೆದು ಸಿಪ್ಪೆ ಮಾತ್ರ ಹುರಿಯಿರಿ. ನಾಲಿಗೆ ಜುಮ್ಮೆನ್ನುವುದು ಸ್ವಲ್ಪ ಕಡಿಮೆ, ವಾಸನೆ ಜಾಸ್ತಿ.

ಇನ್ನೊಂದು, ಥಾಯ್ಲೆಂಡಿನ ಒಂದೇ ಬಿಸಿಲಿನ ಬೀಫ್. ಅವರು ಮೀನಿನ ಸಾಸ್, ಕುಟ್ಟಿದ ಧನಿಯಾ, ಕಾಳುಮೆಣಸು ಹಚ್ಚಿ ಒಂದು ದಿನ ಒಣಗಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಇಲ್ಲಿ ಮಾತ್ರ ಅವ್ವನ ಕೈಚಳಕವೇ ಸರಿ, ನಾರಿನ ಉದ್ದಕ್ಕೆ ಪಟ್ಟಿ. ಮಾರ್ಚಿನಲ್ಲಿ ಟೆರೇಸ್ ಮೇಲೆ ತಂತಿ ಕಟ್ಟಿ ಮುಕ್ಕಾಲು ಕೆ.ಜಿ. ನೇತುಹಾಕಿ, ಕಾಫಿ ಕುಡಿದು ಬರುವಷ್ಟರಲ್ಲಿ ಎರಡು ಹದ್ದು ಬಂದು ಅರ್ಧ ಖಾಲಿ ಮಾಡಿದ್ದವು. ಮುಂದಿನ ಸಲ ಹಳೆ ಸೊಳ್ಳೆ ಪರದೆಯೊಳಗೆ ಇಟ್ಟೆ. ಬೆಳಗ್ಗೆ ಹತ್ತರಿಂದ ಮೂರರವರೆಗೆ ಸಾಕು, ಸಂಜೆಯೇ ಕರಿದುಬಿಡಬೇಕು. ಅವ್ವ ಬಂದಿದ್ದಾಗ ಇದನ್ನೂ ಮಾಡಿದ್ದೆ. ಪರದೆ ಪಕ್ಕದಲ್ಲಿ ಕೋಲು ಹಿಡಿದು ಅವಳೇ ಕಾವಲು ಕೂತಳು. ಊರಿಗೆ ಹೊರಡುವಾಗ ಕರಿದದ್ದರಲ್ಲಿ ಅರ್ಧವನ್ನು ಕೇಳದೆಯೇ ಡಬ್ಬಿಗೆ ತುಂಬಿಕೊಂಡು, "ಧನಿಯಾ ಒಸಿ ಜಾಸ್ತಿ ಆಯ್ತು ಕಣೋ" ಅಂದಳು.