ಕ್ಯಾಲಿಫೋರ್ನಿಯಾದ ಹಳ್ಳಿಗಾಡಿನ ಸಮುದಾಯ ಕಾಲೇಜು: ಸೇರುವ ಒಂದು ವರ್ಷ ಮೊದಲೇ ಮಾಡಬೇಕಾದ ಕೆಲಸ

ಕಳೆದ ತಿಂಗಳು ನಾನು ಸಿಂಧನೂರಿನ ತವರಿನಲ್ಲಿದ್ದಾಗ ಗಂಗಾವತಿಯಿಂದ ಚಿಕ್ಕಮ್ಮನ ಮಗಳು ಒಂದು ನೀಲಿ ಫೈಲು ಹಿಡಿದುಕೊಂಡು ಬಂದಿದ್ದಳು. ಎಸ್ಸೆಸ್ಸೆಲ್ಸಿಯಿಂದ ಬಿ.ಕಾಂ.ವರೆಗಿನ ಅಂಕಪಟ್ಟಿಗಳು, ಟಿ.ಸಿ., ಮದುವೆಯ ನೋಂದಣಿ ಪತ್ರ, ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಕೊಡುವ 371(ಜೆ) ಅರ್ಹತಾ ಪ್ರಮಾಣಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಗಳಲ್ಲಿ ಜೋಡಿಸಿಟ್ಟಿದ್ದಳು. ಗಂಡನ ಜೊತೆ, ಅಮೆರಿಕದ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ಎಚ್-4 ವೀಸಾದ ಮೇಲೆ ಉತ್ತರ ಕ್ಯಾಲಿಫೋರ್ನಿಯಾಕ್ಕೆ ಹೊರಟಿರುವ ಅವಳಿಗೆ ಅಲ್ಲಿ ಲೆಕ್ಕಶಾಸ್ತ್ರ ಓದುವ ಆಸೆ. ಫೈಲಿನಲ್ಲಿದ್ದ ಬಹುಪಾಲು ಕಾಗದಗಳನ್ನು ಅಲ್ಲಿಯ ಸಮುದಾಯ ಕಾಲೇಜು ಪ್ರವೇಶಕ್ಕೆ ಕೇಳುವುದಿಲ್ಲ. ಕೇಳುವ ಕಾಗದಗಳು ಅಲ್ಲಿಗೆ ಹೋದ ಮೇಲೆ, ಅವಳದೇ ಹೆಸರಿನಲ್ಲಿ ಹುಟ್ಟಬೇಕಾದವು. ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಾವಿರುವುದು ಉತ್ತರ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಲ್ಲಿ. ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆಗಳು. ನೀರು ಕಟ್ಟಿದ ದಿನಗಳಲ್ಲಿ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಬಯಲೇ ನೆನಪಾಗುತ್ತದೆ. ಇಂತಹ ಊರುಗಳ ನಡುವೆ ಇರುವ ಸಮುದಾಯ ಕಾಲೇಜು ಎರಡು ವರ್ಷದ, ಪಾಠದ ಪ್ರಮಾಣವನ್ನು ಅಳೆಯುವ ಸುಮಾರು 60 ಯೂನಿಟ್‌ಗಳ ಅಸೋಸಿಯೇಟ್ ಪದವಿಯನ್ನು ಕೊಡುತ್ತದೆ. ನರ್ಸಿಂಗ್‌ನಂತಹ ಕೆಲವು ಕೋರ್ಸುಗಳನ್ನು ಬಿಟ್ಟರೆ ಕಟ್-ಆಫ್ ಇಲ್ಲ, ವಯಸ್ಸಿನ ಮೇಲ್ಮಿತಿಯೂ ಇಲ್ಲ. ಮೂವತ್ತೈದು ದಾಟಿದ ಹೆಣ್ಣುಮಗಳೊಬ್ಬಳು ನಮ್ಮ ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿಗೆ ಹೋಗಿ, ಒಂದೇ ಒಂದು ವಿಷಯ ಕಲಿಯಬೇಕು ಎಂದರೆ ಅವಳನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಅಲ್ಲಿ ಅದು ದಿನನಿತ್ಯದ ಸಂಗತಿ. ಈ ಒಂದು ವಿಷಯದಲ್ಲಿ ಅವರ ಪದ್ಧತಿಯೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಚ್-4ನಲ್ಲಿರುವವರು ಓದಲು ವೀಸಾ ಬದಲಾಯಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲ.

ಹಣ ಕಳೆದುಕೊಳ್ಳುವುದು ಶುಲ್ಕದ ಜಾಗದಲ್ಲಿ. ಕ್ಯಾಲಿಫೋರ್ನಿಯಾದ ನಿವಾಸಿಗೆ ಯೂನಿಟ್ಟಿಗೆ 46 ಡಾಲರ್, ನಿವಾಸಿಯಲ್ಲದವರಿಗೆ ಅದರ ಹಲವು ಪಟ್ಟು. ನಿವಾಸಿ ಎನಿಸಿಕೊಳ್ಳಲು ತರಗತಿಗಳು ಆರಂಭವಾಗುವ ಹಿಂದಿನ ದಿನಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ರಾಜ್ಯದಲ್ಲಿ ಇದ್ದಿರಬೇಕು. ಅಷ್ಟೇ ಎಂದು ನಾನು ತಿಳಿದಿದ್ದೆ. ಆದರೆ ಬರೀ ವಾಸ ಸಾಲದು. ಇಲ್ಲಿಯೇ ನೆಲೆಸುವ ಉದ್ದೇಶವಿತ್ತು ಎಂಬುದನ್ನೂ ಆ ಇಡೀ ಅವಧಿಗೆ ಕಾಗದಗಳ ಮೂಲಕ ತೋರಿಸಬೇಕು, ಮತ್ತು ತೋರಿಸುವ ಹೊಣೆ ವಿದ್ಯಾರ್ಥಿಯದು.

ನಾವು ಟೆಕ್ಸಾಸ್‌ನಿಂದ ಬಂದು ಹದಿನೆಂಟು ತಿಂಗಳಾಗಿತ್ತು. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಬ್ಯಾಂಕ್ ಖಾತೆ ಎಲ್ಲವೂ ನಮ್ಮ ಯಜಮಾನರ ಹೆಸರಿನಲ್ಲಿದ್ದವು. ನನ್ನ ಹೆಸರಿನಲ್ಲಿದ್ದದ್ದು ಡ್ರೈವಿಂಗ್ ಲೈಸೆನ್ಸ್ ಒಂದೇ, ಅದನ್ನೂ ಟೆಕ್ಸಾಸ್‌ನದು ಇನ್ನೂ ನಡೆಯುತ್ತದಲ್ಲ ಎಂದು ಏಳು ತಿಂಗಳು ಬದಲಾಯಿಸಿರಲಿಲ್ಲ. ಕೌಂಟರಿನಲ್ಲಿದ್ದ ಮಹಿಳೆ ಲೈಸೆನ್ಸನ್ನು ತಿರುಗಿಸಿ, ಕೊಟ್ಟ ದಿನಾಂಕದ ಮೇಲೆ ಪೆನ್ನಿನ ತುದಿ ಇಟ್ಟು, ಗೋಡೆಯ ಕ್ಯಾಲೆಂಡರ್ ನೋಡಿದರು. ಒಂದು ವರ್ಷಕ್ಕೆ ಮೂರು ವಾರ ಕಡಿಮೆ. ಆರು ಯೂನಿಟ್ಟಿಗೆ 276 ಡಾಲರ್ ಕಟ್ಟಬೇಕಾದ ನಾನು ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದೆ. ಮುಂದಿನ ಟರ್ಮಿಗೆ ನನ್ನನ್ನು ನಿವಾಸಿ ಎಂದು ಒಪ್ಪಿದರು. ಕಟ್ಟಿದ ಹಣ ಮಾತ್ರ ಮರಳಲಿಲ್ಲ. ಆಮೇಲೆ ಸಿರುಗುಪ್ಪದ ಇಬ್ಬರು, ಕೊಪ್ಪಳದ ಒಬ್ಬರು ಇದೇ ಹಳ್ಳಕ್ಕೆ ಬಿದ್ದದ್ದನ್ನು ನೋಡಿದ್ದೇನೆ, ಮೂವರೂ ಗಂಡನ ಹೆಸರಿನ ಕಾಗದ ಹಿಡಿದು ಹೋದ ಹೆಣ್ಣುಮಕ್ಕಳೇ.

ಆದ್ದರಿಂದ ಇಳಿದ ವಾರದಲ್ಲೇ ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರನ್ನೂ ಬರೆಸಿ. ಬ್ಯಾಂಕ್ ಖಾತೆಯನ್ನು ಜಂಟಿಯಾಗಿ ತೆರೆಯಿರಿ. ಬೇರೆ ರಾಜ್ಯದ ಲೈಸೆನ್ಸ್ ಇದ್ದರೆ ನಿವಾಸಿಯಾದ ಹತ್ತು ದಿನಗಳೊಳಗೆ ಬದಲಾಯಿಸಬೇಕೆಂದು ನಿಯಮವೇ ಇದೆ. ಕೆಲಸದ ಪರವಾನಗಿ ಇಲ್ಲದ ಎಚ್-4ನವರಿಗೆ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಸಿಗುವುದಿಲ್ಲ. ಅವರು ಅದರ ಬದಲಿಗೆ ತೆರಿಗೆಗೆಂದೇ ಕೊಡುವ ಐಟಿಐಎನ್ ಸಂಖ್ಯೆ ಪಡೆದು ಜಂಟಿ ತೆರಿಗೆ ವಿವರ ಸಲ್ಲಿಸಿದರೆ, ರಾಜ್ಯದ ಆದಾಯ ತೆರಿಗೆಯ 540 ಫಾರ್ಮಿನಲ್ಲಿ ಬರುವ ಆ ಹೆಸರು ಒಳ್ಳೆಯ ಸಾಕ್ಷ್ಯವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಲೈಸೆನ್ಸ್ ಅರ್ಜಿಯಲ್ಲೇ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ನಿವಾಸಕ್ಕೆ ಇನ್ನೊಂದು ಪುರಾವೆ ಆಗಲಿ ಎಂದು ಅದಕ್ಕೆ ಒಪ್ಪಿಗೆ ಕೊಡಲೇಬೇಡಿ. ಪೌರರಲ್ಲದವರು ಮತಪಟ್ಟಿಗೆ ಹೆಸರು ಸೇರಿಸಿದರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು.

ಸ್ಥಳೀಯರೆಂದು ರುಜುವಾತು ಮಾಡುವುದು ಕಲ್ಯಾಣ ಕರ್ನಾಟಕದ ನಮಗೆ ಹೊಸದಲ್ಲ. ಸಂವಿಧಾನದ 2012ರ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅಡಿಯಲ್ಲಿ ನಾವು ಸಹಾಯಕ ಆಯುಕ್ತರ ಕಚೇರಿಗೆ ಅಲೆದವರೇ. ಆದರೆ ಅದಕ್ಕೆ ಕಚೇರಿಯೇ ಕೊಡುವ ಪ್ರಮಾಣಪತ್ರದ ಒಂದು ಹಾಳೆ ಇದೆ. ಅಲ್ಲಿ ಅಂತಹ ಒಂದು ಹಾಳೆಯನ್ನು ಯಾವ ಕಚೇರಿಯೂ ಕೊಡುವುದಿಲ್ಲ, ಬಿಡಿ ಬಿಡಿ ಕಾಗದಗಳನ್ನು ಸೇರಿಸಿ ನಾವೇ ಹೊಲಿಯಬೇಕು. ಇದರಲ್ಲಿ ನಮ್ಮ ಪದ್ಧತಿಯೇ ಉತ್ತಮ.

ವರ್ಷ ತುಂಬುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಇಂಗ್ಲಿಷ್ ಕಲಿಕೆಯಂತಹ, ಪದವಿಯ ಲೆಕ್ಕಕ್ಕೆ ಬಾರದ ನಾನ್‌ಕ್ರೆಡಿಟ್ ತರಗತಿಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಗ್ರಂಥಾಲಯದಲ್ಲಿ ಕುಳಿತು ಓದಲು ಹೆಚ್ಚಿನ ಕಡೆ ಊರಿನವರಿಗೂ ಅವಕಾಶವಿದೆ. ಸಣ್ಣ ವ್ಯಾಪಾರ ತೆರೆಯುವವರಿಗೆ ಉಚಿತ ಸಲಹೆ ಕೊಡುವ ಕೇಂದ್ರ, ವಿದ್ಯಾರ್ಥಿಗಳು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಕಡಿಮೆ ದರಕ್ಕೆ ಹಲ್ಲು ಶುಚಿ ಮಾಡುವ ಚಿಕಿತ್ಸಾಲಯ, ಮಕ್ಕಳ ಪಾಲನಾ ಕೇಂದ್ರ ಇವೆಲ್ಲ ಕೆಲವು ಕಾಲೇಜುಗಳಲ್ಲಿವೆ. ಭೇಟಿಗೆಂದು ಬಿ-2 ವೀಸಾದಲ್ಲಿ ಬಂದ ಅಪ್ಪ-ಅಮ್ಮನನ್ನು ಗ್ರಂಥಾಲಯಕ್ಕೆ ಕರೆದೊಯ್ಯಬಹುದು, ಪದವಿಯ ಕೋರ್ಸಿಗೆ ಸೇರಿಸಬಾರದು. ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ಮುಂದೆ ಹೋಗುವವರು ಯಾವ ಕೋರ್ಸಿಗೆ ಅಲ್ಲಿ ಮಾನ್ಯತೆ ಇದೆ ಎಂಬುದನ್ನು ಅಸಿಸ್ಟ್ (assist.org) ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಲಿ.

ತಂಗಿಯ ನೀಲಿ ಫೈಲಿನ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಮೊದಲನೆಯದರ ಮೇಲೆ "ಬಾಡಿಗೆ ಕರಾರು, ನನ್ನ ಹೆಸರು ಸಹಿತ" ಎಂದು ಅವಳ ಕೈಯಿಂದಲೇ ಚೀಟಿ ಬರೆಸಿ ಅಂಟಿಸಿ ಕಳುಹಿಸಿದೆ.