ಶಿಕ್ಷೆಯ ದಿನ ‘ಏನಿಲ್ರಿ’ ಅನ್ನಬೇಡಿ

ಧಾರವಾಡದ ಕೋರ್ಟಿನಲ್ಲಿ ನೋಡಿದ್ದು. ಬದುವಿನ ಜಗಳ, ಬಡಿಗೆಯ ಏಟು. ಅಪರಾಧ ಸಾಬೀತಾಗಿದೆ ಎಂದು ಓದಿದ ನ್ಯಾಯಾಧೀಶರು, ‘ಶಿಕ್ಷೆ ಬಗ್ಗೆ ಏನಾದರೂ ಹೇಳುವುದಿದೆಯಾ?’ ಎಂದು ಕೇಳಿದರು. ಕಟಕಟೆಯಲ್ಲಿದ್ದ ರೈತ ಹೆಗಲ ಮೇಲಿನ ಟವಲ್ ತೆಗೆದು ಕೈಯಲ್ಲಿ ಹಿಡಿದು, ‘ಏನಿಲ್ರಿ ಸಾಹೇಬ್ರ’ ಅಂದ. ಅವನ ವಕೀಲರು ‘ಕಡಿಮೆ ಶಿಕ್ಷೆ ಕೊಡಬೇಕು’ ಎಂದು ಹೇಳಿ ಕೂತುಬಿಟ್ಟರು. ಏಟು ತಿಂದವನ ಆಸ್ಪತ್ರೆ ಖರ್ಚನ್ನು ಇದೇ ರೈತ ಕಟ್ಟಿದ್ದ. ರಸೀದಿ ಮನೆಯ ಟ್ರಂಕಿನಲ್ಲಿತ್ತು!

ನ್ಯಾಯಾಧೀಶರು ಆ ಪ್ರಶ್ನೆಯನ್ನು ಸುಮ್ನೆ ಕೇಳುವುದಿಲ್ಲ. ಸೆಷನ್ಸ್ ಕೇಸಿನಲ್ಲಿ, ಅಂದರೆ ದೊಡ್ಡ ಅಪರಾಧಗಳ ಕೇಸಿನಲ್ಲಿ, ಅದನ್ನು ಕೇಳಲೇಬೇಕು, ಹೇಳಲು ನಿಜವಾದ ಅವಕಾಶ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಸಂತಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ತೀರ್ಪು, ಶಿಕ್ಷೆ ಎರಡೂ ಒಂದೇ ದಿನ ಆಗಿಬಿಡಬಹುದು. ಹಾಗಾಗಿ ತಯಾರಿ ತೀರ್ಪಿನ ತಾರೀಖಿಗೆ ಮುಂಚೆಯೇ ಆಗಬೇಕು.

ಮೊದಲು ಕಲಮು, ಅಂದರೆ ಕಾಯ್ದೆಯ ಸೆಕ್ಷನ್, ನೋಡಿ. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ಐಪಿಸಿ, ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆ. ಕನಿಷ್ಠ ಶಿಕ್ಷೆ ಇದೆಯಾ, ಗರಿಷ್ಠ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಅಪಾಯಕಾರಿ ಆಯುಧದಿಂದ ಗಾಯ ಮಾಡಿದರೆ ಸಂಹಿತೆಯ 118(1) ಪ್ರಕಾರ ಹೆಚ್ಚೆಂದರೆ 3 ವರ್ಷ. ಗಾಯ ತೀವ್ರವಾದರೆ 118(2): ಕನಿಷ್ಠ 1 ವರ್ಷ, ಗರಿಷ್ಠ ಜೀವಾವಧಿ. ಕನಿಷ್ಠ ಇರುವ ಕಡೆ ‘ಬರೀ ದಂಡ ಹಾಕಿ ಬಿಡಿ’ ಎಂದು ಬೇಡಿಕೊಂಡರೆ ಹೊತ್ತು ಹಾಳು.

ಇನ್ನು ಎಲ್ಲರೂ ಎಡವುವ ಜಾಗ. ಕೋರ್ಟು ಅಪರಾಧವನ್ನೂ ತೂಗುತ್ತದೆ, ಅಪರಾಧ ಮಾಡಿದವನನ್ನೂ ತೂಗುತ್ತದೆ. 1980ರ ಬಚ್ಚನ್ ಸಿಂಗ್ ತೀರ್ಪು ಮರಣದಂಡನೆಯ ಬಗ್ಗೆ ಆದರೂ ಈ ಮಾತನ್ನು ಗಟ್ಟಿ ಮಾಡಿದ್ದು ಅದೇ. ಬಡಿಗೆ ಮನೆಯಿಂದ ಹಿಡಿದು ಹೋದದ್ದಾ, ಹೊಲದಲ್ಲಿ ಕೈಗೆ ಸಿಕ್ಕಿದ್ದಾ? ಏಟು ಕಾಲಿಗಾ, ತಲೆಗಾ? ಎದುರಿನವನ ಕೈ ಖಾಲಿ ಇತ್ತಾ? ಮೊದಲು ಕೆಣಕಿದವರು ಯಾರು? ಹಿಂದೆ ಶಿಕ್ಷೆ ಆಗಿದೆಯಾ? ಸರ್ಕಾರಿ ವಕೀಲರು ಇವನ್ನು ಎತ್ತಿಯೇ ಎತ್ತುತ್ತಾರೆ. ಉತ್ತರ ಸಾಕ್ಷಿಗಳ ಹೇಳಿಕೆಯಲ್ಲೇ ಇದ್ದರೆ ಪುಟದ ನಂಬರ್ ಗುರುತು ಮಾಡಿಡಿ.

ಆಮೇಲೆ ಮನುಷ್ಯನ ಕಡೆಯ ಕಾಗದ. ‘ವಯಸ್ಸಾದ ತಂದೆ-ತಾಯಿ ಇದ್ದಾರೆ, ಇವನೇ ಆಧಾರ’ ಎಂಬ ಸಾಲು ಶಿಕ್ಷೆಯ ಬಗ್ಗೆ ಕೋರ್ಟಿಗೆ ಬರೆದು ಕೊಡುವ ಎಲ್ಲ ಮೆಮೊಗಳಲ್ಲೂ ಇರುತ್ತದೆ. ಕೇಳಿ ಕೇಳಿ ನ್ಯಾಯಾಧೀಶರ ಕಿವಿ ದಣಿದಿದೆ. ಅದರ ಬದಲು ತಾಯಿಯ ಡಯಾಲಿಸಿಸ್ ಚೀಟಿ ಕೊಡಿ. ಮೂರು ಎಕರೆ ಒಣ ಬೇಸಾಯ ಎಂದು ತೋರಿಸುವ ಉತಾರ (ಪಹಣಿ) ಕೊಡಿ. ಚಿಕ್ಕ ವಯಸ್ಸಿನವನಾದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬೇಕೇ ಬೇಕು. ಜೀವಾವಧಿ ಇಲ್ಲದ ಕಲಮಾಗಿದ್ದು 21 ತುಂಬಿರದಿದ್ದರೆ, 1958ರ ಪ್ರೊಬೇಷನ್ ಕಾಯ್ದೆಯ ಪ್ರಕಾರ ಕಾರಣ ಬರೆಯದೆ ಜೈಲಿಗೆ ಕಳಿಸುವಂತಿಲ್ಲ. 21 ದಾಟಿದವರೂ ಅದೇ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಮೇಲೆ ಬಿಡುಗಡೆ ಕೇಳಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಸಾಧ್ಯವಿರುವ ಕಲಮಿಗೆ ಅದು ಸಿಗುವುದಿಲ್ಲ. ಮೇಲಿನ 118(2) ಅಲ್ಲೇ ಬಿದ್ದುಹೋಯಿತು.

ಕೋರ್ಟಿನ ಎದುರಿನ ಡಿಟಿಪಿ ಅಂಗಡಿಯ ‘ಸನ್ನಡತೆ ಪ್ರಮಾಣಪತ್ರ’ ಮಾತ್ರ ತರಬೇಡಿ. ಹೆಸರು ಬದಲಿಸಿ, ಹಿಂದಿನ ಗಿರಾಕಿಯ ಊರಿನ ಹೆಸರನ್ನು ಹಾಗೇ ಬಿಟ್ಟಿದ್ದ ಒಂದು ಪತ್ರವನ್ನು ನಾನೇ ನೋಡಿದ್ದೇನೆ. ನ್ಯಾಯಾಧೀಶರು ನಕ್ಕು ಪಕ್ಕಕ್ಕಿಟ್ಟರು. ಆಮೇಲೆ ಕೊಟ್ಟ ಅಸಲಿ ಕಾಗದಕ್ಕೂ ಬೆಲೆ ಬರಲಿಲ್ಲ.

ಏಟು ತಿಂದವನಿಗೆ ಪರಿಹಾರ ಕೊಡುವ ಮನಸ್ಸಿದ್ದರೆ ಅದನ್ನು ವಕೀಲರ ಮೂಲಕ ಕೋರ್ಟಿನಲ್ಲೇ ಹೇಳಿ. ರಾತ್ರಿ ಹಿರಿಯರನ್ನು ಕಟ್ಟಿಕೊಂಡು ಅವನ ಮನೆಗೆ ಹೋಗಬೇಡಿ. ಬೆದರಿಸಿದರು ಎಂದು ಮತ್ತೊಂದು ಕೇಸು ಬೀಳಬಹುದು. ರಾಜಿಗೆ ಬಾರದ ಕಲಮಾದರೂ, ಇಬ್ಬರೂ ಒಂದಾಗಿದ್ದಾರೆ ಎಂಬುದನ್ನು ಶಿಕ್ಷೆ ತೂಗುವಾಗ ಕೋರ್ಟು ಗಮನಿಸಬಹುದು.

ತೀರ್ಪಿಗೆ ಮುಂಚೆ ಜೈಲಿನಲ್ಲಿ ಕಳೆದ ದಿನಗಳ ಲೆಕ್ಕ ಬರೆದು ಕೊಡಿ. ಅವು ಶಿಕ್ಷೆಯಲ್ಲಿ ಕಡಿತ ಆಗುತ್ತವೆ.

ಒಂದಕ್ಕಿಂತ ಜಾಸ್ತಿ ಕಲಮಿನಲ್ಲಿ ಶಿಕ್ಷೆಯಾದರೆ ‘ಎಲ್ಲ ಶಿಕ್ಷೆ ಒಟ್ಟಿಗೆ ನಡೆಯಲಿ’ ಎಂದು ಬಾಯಿಬಿಟ್ಟು ಕೇಳಿ. ಎಷ್ಟೋ ವಕೀಲರು ಇದನ್ನು ಮರೆಯುತ್ತಾರೆ. ಮೆಮೊ ಎರಡು ಪುಟ ದಾಟಬಾರದು, ಕನ್ನಡದಲ್ಲೇ ಇರಲಿ. ಆರೋಪಿಗೆ ಓದಿ ಹೇಳಿ, ಅವನ ಬಾಯಿಂದಲೂ ಎರಡು ಮಾತು ಬರಲಿ. ಅಳುವ ಹೆಂಡತಿ-ಮಕ್ಕಳನ್ನು ಕಟಕಟೆಯ ಹತ್ತಿರ ತಂದು ನಿಲ್ಲಿಸುವುದು ನನಗಂತೂ ಸೇರುವುದಿಲ್ಲ.

ಜಾಮೀನಿನ ಮೇಲಿದ್ದವನಿಗೆ 3 ವರ್ಷದೊಳಗಿನ ಶಿಕ್ಷೆಯಾದರೆ, ಮೇಲ್ಮನವಿ ಹಾಕಲು ಅದೇ ಕೋರ್ಟಿನಲ್ಲಿ ಬಿಡುಗಡೆ ಕೇಳಬಹುದು. ಮ್ಯಾಜಿಸ್ಟ್ರೇಟರ ತೀರ್ಪಾದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಹೋಗಬೇಕು. ಸೆಷನ್ಸ್ ಕೋರ್ಟಿನ ತೀರ್ಪಾದರೆ ಸಾಮಾನ್ಯವಾಗಿ 60 ದಿನ. ನಮ್ಮ ಧಾರವಾಡದವರು, ಗದಗ, ಹಾವೇರಿಯವರು ಎಲ್ಲರೂ ಹೋಗಬೇಕಾದ್ದು ಧಾರವಾಡದ ಹೈಕೋರ್ಟ್ ಪೀಠಕ್ಕೆ. ಜಾಮೀನು ಕೊಡುವವರನ್ನು ಉತಾರ, ಆಧಾರ್ ಸಮೇತ ಬೆಳಿಗ್ಗೆಯೇ ಕರೆತನ್ನಿ. ಶಿಕ್ಷೆ ಆದಮೇಲೆ ನವಲಗುಂದಕ್ಕೆ ಫೋನ್ ಮಾಡಿ ಕರೆಸುವಷ್ಟರಲ್ಲಿ ಕೋರ್ಟಿನ ಬಾಗಿಲು ಹಾಕಿರುತ್ತದೆ.