ಯುಎಇಯಲ್ಲಿ ಅಕ್ರಮ ಸಂಬಂಧದ ಕೇಸು: ಠಾಣೆಗೆ ಹೋಗುವ ಮುಂಚೆ

ಭಾರತದಲ್ಲಿ ಮದುವೆಯಾದವರು ಬೇರೊಬ್ಬರ ಜೊತೆ ಸಂಬಂಧ ಇಟ್ಟುಕೊಂಡರೆ ಈಗ ಪೊಲೀಸ್ ಕೇಸು ಆಗುವುದಿಲ್ಲ. ಐಪಿಸಿಯ 497ನೇ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿತು. ಡೈವೋರ್ಸ್ ಕೇಳಲು ಅದೊಂದು ಕಾರಣ, ಅಷ್ಟೇ. ಅದೇ ಲೆಕ್ಕದಲ್ಲಿ ದುಬೈಗೋ ಶಾರ್ಜಾಕ್ಕೋ ಬಂದರೆ ಕಷ್ಟ. ಇಲ್ಲಿ ಅದು ಇನ್ನೂ ಅಪರಾಧವೇ, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ.

2022ರ ಜನವರಿ 2ರಿಂದ ಜಾರಿಗೆ ಬಂದ ದಂಡ ಕಾನೂನಿನ 409ನೇ ಕಲಂ ಪ್ರಕಾರ, ಮದುವೆಯಾಚೆಗಿನ ಲೈಂಗಿಕ ಸಂಬಂಧಕ್ಕೆ ಕನಿಷ್ಠ 6 ತಿಂಗಳ ಜೈಲು. ಇಬ್ಬರೂ ಒಪ್ಪಿದ್ದರೂ ಅಷ್ಟೇ. ಆದರೆ ಪೊಲೀಸರು ತಾವಾಗಿ ಕೇಸು ಹಾಕುವಂತಿಲ್ಲ. ಸಂಗಾತಿ ಅಥವಾ ಗಾರ್ಡಿಯನ್ ದೂರು ಕೊಡಬೇಕು. ಅವರು ದೂರು ಹಿಂತೆಗೆದುಕೊಂಡರೆ ಕೇಸು ಅಲ್ಲಿಗೇ ಮುಗಿಯುತ್ತದೆ. ಅಂದರೆ ಕೀಲಿ ಇರುವುದು ಮನೆಯವರ ಕೈಯಲ್ಲೇ. ಮದುವೆಯಾಚೆ ಮಗು ಹುಟ್ಟಿದರೆ ಮಾತ್ರ ಬೇರೆ ಕಲಂ ಇದೆ. ಅಲ್ಲಿ ಮದುವೆಯಾಗಬೇಕು, ಇಲ್ಲವೇ ಮಗುವನ್ನು ಒಪ್ಪಿಕೊಂಡು ದಾಖಲೆ ಮಾಡಿಸಬೇಕು.

ನಮ್ಮವರು ಜಾಸ್ತಿ ಎಡವುವುದು ಸಾಕ್ಷಿಯ ವಿಷಯದಲ್ಲಿ. ಗಂಡ ಸ್ನಾನಕ್ಕೆ ಹೋದಾಗ ಮೊಬೈಲ್ ತೆಗೆದು ವಾಟ್ಸಾಪ್ ಚಾಟ್‌ನ ಫೋಟೋ ಹೊಡೆದುಕೊಳ್ಳುವುದು, ಅದನ್ನು ಊರಿನ ಫ್ಯಾಮಿಲಿ ಗ್ರೂಪಿಗೆ ಹಾಕುವುದು. ಸಿಟ್ಟಿನಲ್ಲಿ ಯಾರಾದರೂ ಮಾಡುವ ಕೆಲಸ, ಅಲ್ವಾ? ಆದರೆ 2021ರ ಸೈಬರ್ ಅಪರಾಧ ಕಾನೂನಿನಲ್ಲಿ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಖಾಸಗಿ ಮಾತು, ಫೋಟೋ ತೆಗೆದುಕೊಂಡು ಹಂಚುವುದಕ್ಕೆ ಕನಿಷ್ಠ 6 ತಿಂಗಳ ಜೈಲು, 1.5 ಲಕ್ಷದಿಂದ 5 ಲಕ್ಷ ದಿರ್ಹಾಮ್ ದಂಡ, ಅಥವಾ ಎರಡೂ ಇವೆ. ಗಂಡ ಹೆಂಡತಿ ಎಂಬ ರಿಯಾಯಿತಿ ಇಲ್ಲ. ದೂರು ಕೊಡಲು ಹೋದವರೇ ಆರೋಪಿ ಆಗಬಹುದು. ಕೈಯಲ್ಲಿ ಏನಾದರೂ ಇದ್ದರೆ ಯಾರಿಗೂ ಕಳಿಸದೆ ಮೊದಲು ವಕೀಲರಿಗೆ ಹೇಳಿ.

ವೀಸಾ ಲೆಕ್ಕವನ್ನೂ ಮೊದಲೇ ಹಾಕಿ. ಹೆಂಡತಿ ಮಕ್ಕಳ ವೀಸಾ ಗಂಡನ ಸ್ಪಾನ್ಸರ್‌ಶಿಪ್‌ನಲ್ಲಿದ್ದು, ಅವನಿಗೆ ಜೈಲಾಗಿ ಕೋರ್ಟು ಗಡೀಪಾರನ್ನೂ ಹೇಳಿದರೆ, ಮಕ್ಕಳ ಸ್ಕೂಲು, ಮನೆ ಬಾಡಿಗೆ ಎಲ್ಲವೂ ಒಟ್ಟಿಗೆ ಅಲ್ಲಾಡುತ್ತವೆ. ಹೆಂಡತಿಯೇ ಸ್ಪಾನ್ಸರ್ ಆಗಿದ್ದರೂ ಇದೇ ಕತೆ.

ಬೇಕಾಗಿರುವುದು ಮದುವೆಯಿಂದ ಬಿಡುಗಡೆ ಮಾತ್ರ ಆಗಿದ್ದರೆ ಕ್ರಿಮಿನಲ್ ದೂರೇ ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. 2023ರ ಫೆಬ್ರುವರಿ 1ರಿಂದ ಮುಸ್ಲಿಮೇತರರಿಗೆ ಸಿವಿಲ್ ಡೈವೋರ್ಸ್ ಇದೆ. ತಪ್ಪು ಯಾರದೆಂದು ಸಾಬೀತು ಮಾಡುವ ಅಗತ್ಯವೇ ಇಲ್ಲ. ಮುಸ್ಲಿಮರಿಗೆ ಬೇರೆ ಕಾನೂನು, ದಾರಿ ಸ್ವಲ್ಪ ಉದ್ದ.

ಠಾಣೆಗೆ ಹೋಗಲೇಬೇಕಾಗಿ ಬಂದರೆ, ಹೇಳಿಕೆ ಬರೆದುಕೊಳ್ಳುವುದು ಅರಬ್ಬೀಯಲ್ಲಿ. ಅನುವಾದಕರು ಓದಿ ಹೇಳುವ ತನಕ ಸುಮ್ನೆ ಸಹಿ ಹಾಕಬೇಡಿ. ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342. ಕಾನೂನು ಸಲಹೆ ಎಲ್ಲಿ ಸಿಗುತ್ತದೆ ಎಂದು ಅಲ್ಲಿ ಕೇಳಬಹುದು.